‘ಅಂತೆ’ ಕಂಡಲ್ಲೆಲ್ಲ ಉಪಮೆ ಅಲ್ಲ

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ, ಪ್ರಥಮ ಭಾಷೆ ಕನ್ನಡ. ಅಲಂಕಾರಗಳ ಲಕ್ಷಣ ಕೇಳಿದರೆ ಪಟಪಟ ಒಪ್ಪಿಸುತ್ತಾಳೆ. ಆದರೆ ಹೊಸ ವಾಕ್ಯ ಕೊಟ್ಟರೆ ಉಪಮೆ, ರೂಪಕ, ದೃಷ್ಟಾಂತ ಎಲ್ಲಾ ಕಲಸಿಹೋಗುತ್ತವೆ. ಕುಮಾರವ್ಯಾಸನ ಪದ್ಯ ಗೈಡ್‌ನ ಸಾರಾಂಶದಲ್ಲೇ ಮುಗಿಯುತ್ತದೆ. ನಾಟಕವನ್ನಂತೂ ಕತೆ ಥರ ಓದಿಬಿಡುತ್ತಾಳೆ. ನಾನು ಕನ್ನಡ ಮೇಷ್ಟ್ರಲ್ಲ. ಮನೆಯಲ್ಲಿ ಹೇಗೆ ಹೇಳಿಕೊಡಲಿ?
– ದಾವಣಗೆರೆಯ ಓದುಗರು

ಉತ್ತರ: ಮೇಷ್ಟ್ರಾಗಿರಲೇಬೇಕು ಅಂತೇನಿಲ್ಲ. ಸದ್ಯಕ್ಕೆ ಗೈಡ್ ಪಕ್ಕಕ್ಕಿಡಿ. ಇಬ್ಬರೂ ಕೂತು ಪದ್ಯವನ್ನು ಗಟ್ಟಿಯಾಗಿ ಓದಿ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗವನ್ನೇ ತೆಗೆದುಕೊಳ್ಳಿ:

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ

ಮಕ್ಕಳು ಸಾಲು ಮುಗಿದ ಕಡೆ ಉಸಿರು ನಿಲ್ಲಿಸುತ್ತಾರೆ. ‘ಮೈದುನ’ ಅಂತ ನಿಂತರೆ ಅರ್ಥ ಕೆಟ್ಟಿತು. ಅದು ‘ಮೈದುನತನದ ಸರಸ’. ಹಾಗಾಗಿ ಎರಡು ಸಲ ಓದಿಸಿ, ಒಮ್ಮೆ ಲಯಕ್ಕೆ, ಒಮ್ಮೆ ಅರ್ಥಕ್ಕೆ. ಲಯಕ್ಕೆ ಓದುವಾಗ ತಾಳ ಹಾಕಲಿ: ಇನತ, ನೂಜನ, ಕೂಡೆ, ಮೈದುನ. 3, 4, 3, 4 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ). ಭಾಮಿನಿ ಷಟ್ಪದಿ, ಅಂದರೆ ಈ ಆರು ಸಾಲಿನ ಪದ್ಯದ ಲಯ, ಕಿವಿಗೇ ಸಿಕ್ಕಿತು. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಲಿ. ಇನ, ತನ, ದನು, ಎಲ್ಲಾ ಕಡೆ ನಕಾರ. ಆದಿಪ್ರಾಸ ಅಂದರೆ ಇದೇ.

ಅರ್ಥಕ್ಕೆ ಬಂದಾಗ ಮೊದಲ ಪದದಲ್ಲೇ ತಡೆಯಿರಿ. ಇನ ಅಂದರೆ ಸೂರ್ಯ, ತನೂಜ ಅಂದರೆ ಮಗ. ಸೂರ್ಯನ ಮಗ ಕರ್ಣ; ದನುಜರಿಪು ಅಂದರೆ ಕೃಷ್ಣ. ಕವಿ ನಮಗೆ ಗುಟ್ಟು ಬಿಟ್ಟುಕೊಟ್ಟಾಗಿದೆ, ಕರ್ಣನಿಗೆ ಇನ್ನೂ ಗೊತ್ತಿಲ್ಲ. ಇದು ನಾಟಕವೇ ಅಲ್ವಾ? ಆಮೇಲೆ ಎಲ್ಲವನ್ನೂ ಕೇಳಿಸಿಕೊಂಡ ಕರ್ಣ ಕೊಡುವ ಉತ್ತರದ ಕೊನೆಯ ಪದ್ಯ ನೋಡಿ. ‘ಮಾರಿಗೌತಣವಾಯ್ತು ನಾಳಿನ ಭಾರತವು’ ಎಂದು ಆ ಪದ್ಯ ಶುರುವಾಗುತ್ತದೆ. ಪಾಂಡವರನ್ನು ‘ನಿನ್ನಯ ವೀರರೈವರ’ ಅನ್ನುತ್ತಾನೆ. ನನ್ನ ತಮ್ಮಂದಿರು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವರನ್ನು ನೋಯಿಸೆನು ಅಂತ ಮಾತು ಕೊಡುತ್ತಾನೆ. ಆಣೆ ಯಾರ ಮೇಲೆ? ‘ರಾಜೀವಸಖ’ನ ಮೇಲೆ. ತಾವರೆಯ ಗೆಳೆಯ, ಅಂದರೆ ಸೂರ್ಯ. ಈಗಷ್ಟೇ ಗೊತ್ತಾದ ತಂದೆ! ಇಷ್ಟು ನಿಮ್ಮ ಮಗಳಿಗೆ ಹೊಳೆದರೆ ಸಂದರ್ಭದ ಪ್ರಶ್ನೆಗೆ ಸಾರಾಂಶ ಉರುಹೊಡೆಯಬೇಕಾಗಿಲ್ಲ.

ಆ ಮೊದಲ ಸಾಲಿನಲ್ಲೇ ಅಲಂಕಾರವೂ ಇದೆ. ಯುದ್ಧ ಮಾರಿಯ ಔತಣದ ಹಾಗೆ ಇದೆ ಎಂದು ಕರ್ಣ ಹೇಳಲಿಲ್ಲ. ಯುದ್ಧವೇ ಔತಣ ಅಂದುಬಿಟ್ಟ. ಅದಕ್ಕೇ ಅದು ರೂಪಕ. ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಹೆಸರು ಸುಮ್ನೆ ಬಂದಿಲ್ಲ.

ಈಗ ಕಲಸಿಹೋಗುವ ವಿಷಯ. ಮಕ್ಕಳು ‘ಅಂತೆ’ ಕಂಡರೆ ಸಾಕು, ಉಪಮೆ ಅಂತ ಬರೆದುಬಿಡುತ್ತಾರೆ. ‘ಅವಳು ಊರಿಗೆ ಹೋದಳಂತೆ’ಯಲ್ಲೂ ‘ಅಂತೆ’ ಇದೆಯಲ್ಲ! ಪದ ಹುಡುಕುವ ಬದಲು ಒಂದೇ ವಿಷಯವನ್ನು ಬೇರೆ ಬೇರೆಯಾಗಿ ಹೇಳಿಸಿ. ‘ಅವನ ಮಾತು ಬೆಂಕಿಯಂತೆ ಸುಡುತ್ತದೆ’ ಉಪಮೆ. ‘ಅವನ ಮಾತೇ ಬೆಂಕಿ’ ರೂಪಕ. ‘ಅವನು ಬಾಯಿ ತೆರೆದರೆ ಬೆಂಕಿಯೇ ಮಾತಾಡುತ್ತಿದೆಯೋ ಎಂಬಂತಿತ್ತು’ ಉತ್ಪ್ರೇಕ್ಷೆ. ಇಲ್ಲೂ ‘ಅಂತೆ’ಯ ನೆರಳು ಇದೆ, ಆದರೆ ಇದು ಹೋಲಿಕೆಗಿಂತ ಜಾಸ್ತಿ ಕಲ್ಪನೆ. ದೃಷ್ಟಾಂತಕ್ಕೆ ಹೋಲಿಕೆಯ ಪದವೇ ಬೇಡ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡೂ ಪೂರ್ತಿ ವಾಕ್ಯಗಳು. ಒಂದರ ಬಿಂಬ ಇನ್ನೊಂದರಲ್ಲಿ ಕಾಣುತ್ತದೆ.

ಇನ್ನು ಸಮನ್ವಯ, ಅಂದರೆ ಲಕ್ಷಣ ಕೊಟ್ಟ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಅಂತ ತೋರಿಸುವುದು. ಬಹಳ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಹೆಸರು, ಲಕ್ಷಣ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಬೆಂಕಿಯ ವಾಕ್ಯಕ್ಕೆ ಹೀಗೆ ಬರೆಯಬೇಕು: ಉಪಮೇಯ ಮಾತು, ಉಪಮಾನ ಬೆಂಕಿ, ಉಪಮಾವಾಚಕ ಅಂತೆ, ಸಮಾನಧರ್ಮ ಸುಡುವುದು. ಇಲ್ಲಿ ಮಾತನ್ನು ಬೆಂಕಿಗೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ.

ನಾಟಕಕ್ಕೆ ನೀವೊಂದು ಪಾತ್ರ, ಅವಳೊಂದು ಪಾತ್ರ. ಆವರಣದಲ್ಲಿರುವ ರಂಗಸೂಚನೆ ಹಾರಿಸಬೇಡಿ. ಪಾತ್ರ ಬಾಯಲ್ಲಿ ಹೇಳದ್ದು ಎಷ್ಟೋ ಸಲ ಅಲ್ಲೇ ಇರುತ್ತದೆ. ಓದಾದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ದೃಶ್ಯ ಶುರುವಾದಾಗ ಯಾರಿಗೆ ಏನು ಬೇಕಿತ್ತು, ಮುಗಿದಾಗ ಸಿಕ್ಕಿತಾ? ಪದ್ಯಕ್ಕೂ ಇದೇ ಕೇಳಬಹುದು. ರನ್ನನ ಕಾವ್ಯದೊಳಗೆ ನಾಟಕ ಕಂಡೇ ಬಿ.ಎಂ.ಶ್ರೀ ‘ಗದಾಯುದ್ಧ ನಾಟಕಂ’ ರೂಪಿಸಿದ್ದು.

ಗೈಡ್ ಕೊನೆಗೆ ತೆರೆಯಲಿ, ಲಕ್ಷಣದ ವಾಕ್ಯ ಸರಿ ಇದೆಯಾ ಅಂತ ನೋಡಿಕೊಳ್ಳುವುದಕ್ಕೆ.