ಬಾಟಲಿಯ ರುಚಿ ಕಾರ್ಟ್ರಿಜ್ ಮುಗಿದಿದೆಯೇ?

ಬಾಟಲಿಯ ಮುಚ್ಚಳಕ್ಕೆ ಕೂರಿಸುವ, ಕುಡಿಯುವಾಗ ನೀರಿಗೆ ರುಚಿಯ ಸಾರ ಬೆರೆಸುವ ಕಾರ್ಟ್ರಿಜ್‌ನ ಡಯಲನ್ನು, ಅಂದರೆ ರುಚಿ ಹೆಚ್ಚು ಕಡಿಮೆ ಮಾಡುವ ತಿರುಗಣೆಯನ್ನು, ಕೊನೆಯ ಅಂಕಿ 9ಕ್ಕೆ ತಿರುಗಿಸಿದರೂ ನೀರು ಸಪ್ಪೆಯಾಗಿದೆ ಎಂದಿದ್ದೀರಿ. ಹಾಗಿದ್ದರೆ ಕಾರ್ಟ್ರಿಜ್‌ನೊಳಗಿನ ಸಾರ ಬಹುಮಟ್ಟಿಗೆ ಮುಗಿದಿರಬೇಕು. ಸಾರ ಇಳಿದಂತೆ, ಮೊದಲು 3ರಲ್ಲಿ ಸಿಗುತ್ತಿದ್ದ ರುಚಿಗೆ 5, ಆಮೇಲೆ 7 ಎಂದು ಏರಿಸುತ್ತಾ ಹೋಗಬೇಕಾಗುತ್ತದೆ. 9ರ ಮುಂದೆ ದಾರಿಯಿಲ್ಲ.

ಬಾಟಲಿಯನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ, ಆದ್ದರಿಂದ ಎಸೆಯುವ ಮೊದಲು ಪರೀಕ್ಷಿಸಿ. ಕಾರ್ಟ್ರಿಜ್ ಬಿಚ್ಚಿ ಮತ್ತೆ ಬಿಗಿಯಾಗಿ ಕೂರಿಸಿ. ಸಡಿಲವಾಗಿದ್ದರೂ ರುಚಿ ಏರುಪೇರಾಗಬಹುದು. ನಂತರ ನೀರು ಬದಲಿಸಿ. ಮಡಿಕೇರಿಯ ಮಳೆಗಾಲದಲ್ಲಿ ಕೊಡದ ನೀರೇ ಫ್ರಿಜ್ಜಿನಿಂದ ತೆಗೆದಂತಿರುತ್ತದೆ, ನೀರು ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಚಳಿ ಬಿಟ್ಟ ನೀರು ಸಾಕು. ಒಲೆಯ ಮೇಲಿನ ಬಿಸಿನೀರನ್ನು ಮಾತ್ರ ಸುರಿಯಬೇಡಿ, ಈ ಕಾರ್ಟ್ರಿಜ್‌ಗಳು ಅದಕ್ಕಾಗಿ ಮಾಡಿದವಲ್ಲ. ಈಗ 9ರಲ್ಲಿಟ್ಟು ನಾಲ್ಕಾರು ಗುಟುಕು ಕುಡಿಯಿರಿ. ಆಗಲೂ ಬರೀ ನೀರೇ ಬಂದರೆ ಹೊಸದನ್ನು ಹಾಕಿ.

ಹೀರಲು ಕಷ್ಟವಾಗುತ್ತಿದ್ದರೆ ಅದು ಬೇರೆ ತೊಂದರೆ: ಬಾಯಿಯ ಭಾಗದಲ್ಲಿ ಏನೋ ಕಟ್ಟಿಕೊಂಡಿರಬಹುದು, ಅದನ್ನು ತೊಳೆಯಿರಿ.

ಇನ್ನೊಂದು ಮಾತು, ಜೂನ್‌ನಿಂದ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ, ಲೋಳೆ ಅಥವಾ ಕಪ್ಪು ಚುಕ್ಕೆ ಕಂಡರೆ ಸಾರ ಎಷ್ಟೇ ಉಳಿದಿರಲಿ, ಕಾರ್ಟ್ರಿಜ್ ಎಸೆಯಿರಿ, ಬಾಟಲಿಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಮಳೆಗೆ ಪಾರ್ಸೆಲ್ ತಡವಾಗುವುದರಿಂದ ಮುಂದಿನ ಸಲ ಡಯಲ್ 7 ಮುಟ್ಟಿದಾಗಲೇ ಹೊಸದನ್ನು ತರಿಸಿ.