ಕಂತಿನ ಲೆಕ್ಕ ಆಮೇಲೆ, ಕಿಲೋಮೀಟರ್ ಲೆಕ್ಕ ಮೊದಲು

ಓದುಗರ ಪತ್ರದ ಸಾರ: ಹನ್ನೊಂದು ವರ್ಷ ಓಡಿಸಿದ ಕಾರನ್ನು ಬದಲಿಸಬೇಕಾಗಿದೆ. ಒಂದೇ ಮಾದರಿಗೆ ಎರಡು ಕೊಟೇಶನ್ ತಂದಿದ್ದೇನೆ. ಮುಂಗಡ ಎರಡರಲ್ಲೂ ಒಂದೇ. ಬ್ಯಾಂಕ್ ಸಾಲವಾದರೆ 60 ಕಂತು, ಶೇ 9 ಬಡ್ಡಿ. ಲೀಸ್ ಆದರೆ, ಅಂದರೆ ಕಂಪನಿಯದೇ ಕಾರನ್ನು ಕಂತು ಕಟ್ಟಿ ಓಡಿಸಿ ಅವಧಿ ಮುಗಿದಾಗ ವಾಪಸ್ ಕೊಡುವುದಾದರೆ, 36 ಕಂತು, ತಿಂಗಳಿಗೆ ಕಟ್ಟುವುದು ಸಾಲಕ್ಕಿಂತ ಕಡಿಮೆ, ಆದರೆ ವರ್ಷಕ್ಕೆ 15,000 ಕಿ.ಮೀ. ಮಿತಿ. ಕೆಲಸಕ್ಕೆ ಹೋಗಿಬರಲು ತಿಂಗಳಲ್ಲಿ 24 ದಿನ, ದಿನಕ್ಕೆ 60 ಕಿ.ಮೀ. ಆಗುತ್ತದೆ. ಬೇರೆ ಓಡಾಟ ವರ್ಷಕ್ಕೆ ನಾಲ್ಕು ಸಾವಿರ ಇರಬಹುದು. ಕಂತೂ ಕಡಿಮೆ, ರಿಪೇರಿ ತಲೆನೋವೂ ಇಲ್ಲ, ಮೂರು ವರ್ಷಕ್ಕೊಮ್ಮೆ ಹೊಸ ಕಾರು. ಲೀಸೇ ಮೇಲಲ್ಲವೇ?

ಸಂಪಾದಕರ ಉತ್ತರ:

ನಿಮ್ಮ ಮಟ್ಟಿಗೆ ಮೇಲಲ್ಲ. ಕೊಳ್ಳುವುದೇ ಸರಿ. ಇಷ್ಟು ಖಚಿತವಾಗಿ ಹೇಳಲು ಎರಡು ಕೊಟೇಶನ್‌ಗಳಿಗಿಂತ ಹೆಚ್ಚಾಗಿ ನೆರವಾದದ್ದು ನೀವು ಸುಮ್ಮನೆ ಬರೆದುಬಿಟ್ಟ ಮೊದಲ ಸಾಲು. ಒಂದು ಕಾರನ್ನು ಹನ್ನೊಂದು ವರ್ಷ ಇಟ್ಟುಕೊಳ್ಳುವ ಸ್ವಭಾವದವರಿಗೆ ಲೀಸ್ ಹೇಳಿಸಿದ್ದಲ್ಲ. ದಿನಕ್ಕೆ 60 ಕಿ.ಮೀ. ಓಡಿಸುವವರಿಗಂತೂ 15,000ದ ಲೀಸ್ ಅಲ್ಲವೇ ಅಲ್ಲ. ಹಾಗೆಂದು ಲೀಸ್ ಮೋಸವೇನಲ್ಲ. ಲೆಕ್ಕ ಬಿಡಿಸಿದರೆ ಅದು ಎಲ್ಲಿ ನ್ಯಾಯವಾಗಿದೆ, ಎಲ್ಲಿ ಎಳೆಯುತ್ತದೆ ಎರಡೂ ಕಾಣುತ್ತದೆ.

ಬೇರೆ ಓದುಗರಿಗೂ ಹೊಂದಲಿ ಎಂದು ಕಾರಿನ ಬೆಲೆಯನ್ನು 100 ಎಂದು ಹಿಡಿದು ನಿಮ್ಮ ಅಂಕಿಗಳನ್ನೆಲ್ಲ ಆ ಅಳತೆಗೆ ಇಳಿಸಿದ್ದೇವೆ. ಆಗ ನಿಮ್ಮ ಮುಂಗಡ 9. ಸಾಲದ ಕಂತು 1.89. ಲೀಸ್ ಕಂತು 1.70. ಲೀಸ್ ಪತ್ರದಲ್ಲಿ ಬರೆದಿರುವ ಉಳಿಕೆ ಬೆಲೆ, ಅಂದರೆ ಮೂರು ವರ್ಷದ ಕೊನೆಗೆ ಕಾರಿಗೆ ಇರುತ್ತದೆಂದು ಕಂಪನಿ ಹಿಡಿದ ಬೆಲೆ, 55. ಮಿತಿ ಮೀರಿದರೆ ಪ್ರತಿ ಸಾವಿರ ಕಿ.ಮೀ.ಗೆ 0.4.

ಲೀಸ್ ಕಂತಿನೊಳಗೆ ಎರಡು ಪಾಲಿದೆ. ಮೊದಲನೆಯದು ಸವಕಳಿ, ಅಂದರೆ ಓಡಿದ ಹಾಗೆ ಕಾರಿನ ಬೆಲೆ ಇಳಿಯುವುದು. ಮುಂಗಡ ಕಳೆದು ಉಳಿದ 91ರಿಂದ ಉಳಿಕೆ ಬೆಲೆ 55ನ್ನು ಕಳೆದರೆ 36. ಅದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸರಿಯಾಗಿ 1. ಕಂತಿನಲ್ಲಿ ಮಿಕ್ಕ 0.70 ಏನು? ಅದು ಬಡ್ಡಿ. ಕೊಟೇಶನ್ನಿನಲ್ಲಿ ಎಲ್ಲೂ ಶೇಕಡಾವಾರು ಬರೆದಿಲ್ಲ, ನೋಡಿ. ನೀವೇ ಕಂಡುಹಿಡಿಯಬಹುದು. ಕಾರಿನಲ್ಲಿ ಕೂತಿರುವ ಕಂಪನಿಯ ದುಡ್ಡು ಮೊದಲ ದಿನ 91, ಕೊನೆಯ ದಿನ 55, ಸರಾಸರಿ 73. ತಿಂಗಳಿಗೆ 0.70 ಎಂದರೆ ವರ್ಷಕ್ಕೆ 8.4. ಅದನ್ನು 73ರಿಂದ ಭಾಗಿಸಿದರೆ ಶೇ 11.5. ಬ್ಯಾಂಕ್ ಕೇಳುತ್ತಿರುವುದು ಶೇ 9. ಕಂತು ಕಡಿಮೆ, ಬಡ್ಡಿ ಜಾಸ್ತಿ. ಎರಡೂ ಒಟ್ಟಿಗೆ ನಿಜವಾಗಲು ಕಾರಣ, ಆ 55ನ್ನು ನೀವು ತೀರಿಸುತ್ತಲೇ ಇಲ್ಲ. ಅದಕ್ಕೆ ಬರೀ ಬಡ್ಡಿ ಕಟ್ಟುತ್ತಿದ್ದೀರಿ.

ಕೆಲವು ಕೊಟೇಶನ್‌ಗಳಲ್ಲಿ 0.0048 ಎಂಬಂಥ ಪುಟ್ಟ ದಶಮಾಂಶವೊಂದು ಇರುತ್ತದೆ. ಅದಕ್ಕೆ ಮನಿ ಫ್ಯಾಕ್ಟರ್ ಎನ್ನುತ್ತಾರೆ. ನೋಡಲು ಏನೂ ಅಲ್ಲವೆನಿಸುವ ಆ ಸಂಖ್ಯೆಯನ್ನು 2400ರಿಂದ ಗುಣಿಸಿ. 11.5 ಬರುತ್ತದೆ. ಅದೇ ವರ್ಷದ ಬಡ್ಡಿ ದರ.

ಇನ್ನು ನಿಮ್ಮ ಓಡಾಟ. ದಿನಕ್ಕೆ 60ರಂತೆ ತಿಂಗಳಿಗೆ 24 ದಿನವೆಂದರೆ ವರ್ಷಕ್ಕೆ 17,280 ಕಿ.ಮೀ. ಬೇರೆ ತಿರುಗಾಟ ಸೇರಿಸಿದರೆ 21,000 ದಾಟುತ್ತದೆ. ಮೂರು ವರ್ಷಕ್ಕೆ 63,000. ಮಿತಿ 45,000. ಹೆಚ್ಚುವರಿ 18,000 ಕಿ.ಮೀ.ಗೆ 7.2 ಕಟ್ಟಬೇಕು, ಅಂದರೆ ನಾಲ್ಕು ಕಂತಿಗಿಂತ ಹೆಚ್ಚು. ಅದೂ ಕೊನೆಯ ದಿನ, ಒಂದೇ ಸಲಕ್ಕೆ. ನಡುವೆ ಯಾರೂ ನೆನಪಿಸುವುದಿಲ್ಲ.

ಈಗ ಎರಡನ್ನೂ ಮೂರು ವರ್ಷಕ್ಕೆ ನಿಲ್ಲಿಸಿ ನೋಡೋಣ. ಲೀಸ್: ಮುಂಗಡ 9, ಕಂತುಗಳು 61.2, ಹೆಚ್ಚುವರಿ ಓಟಕ್ಕೆ 7.2. ಒಟ್ಟು 77.4, ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಸಾಲ: ಮುಂಗಡ 9, ಕಂತುಗಳು 68, ಒಟ್ಟು 77. ಅಂದರೆ ಕಟ್ಟಿದ್ದು ಹೆಚ್ಚುಕಡಿಮೆ ಅಷ್ಟೇ. ಆದರೆ ಅಷ್ಟರಲ್ಲಿ ಸಾಲದ ಬಾಕಿ 41ಕ್ಕೆ ಇಳಿದಿರುತ್ತದೆ. ಹೆಚ್ಚು ಓಡಿದ ಕಾರಾದ್ದರಿಂದ 55ರ ಬದಲು 52ಕ್ಕೇ ಮಾರಿದರೂ ಬಾಕಿ ತೀರಿಸಿ 11ರಷ್ಟು ಕೈಗೆ ಬರುತ್ತದೆ. ನಿಮಗೆ ನಿಜವಾಗಿ ತಗುಲಿದ್ದು 66.

ಇದೇ ಲೀಸ್ ಶೇ 9 ಬಡ್ಡಿಗೆ ಸಿಕ್ಕಿದ್ದರೆ, ನೀವೂ 45,000 ಕಿ.ಮೀ. ಒಳಗೇ ಇದ್ದಿದ್ದರೆ? ಆಗ ಮೂರು ವರ್ಷಕ್ಕೆ ಲೀಸಿನ ಖರ್ಚು 64.7, ಕೊಂಡು ಮಾರಿದ್ದರ ಖರ್ಚು 63.4. ವ್ಯತ್ಯಾಸ ಇಲ್ಲವೆನ್ನುವಷ್ಟು. ಅದಕ್ಕೇ ಲೀಸ್ ಮೋಸವಲ್ಲ ಎಂದದ್ದು. ಮೂರು ವರ್ಷಕ್ಕೊಮ್ಮೆ ಹೇಗೂ ಕಾರು ಬದಲಿಸುವವರು, ಓಟ ಕಡಿಮೆ ಇರುವವರು ಆ ಒಂದೂಕಾಲನ್ನು ಮಾರುವ ಜಂಜಾಟ ತಪ್ಪಿದ್ದಕ್ಕೆ ಕೊಟ್ಟ ಕೂಲಿ ಎಂದುಕೊಳ್ಳಬಹುದು.

ಕೊಂಡವರಿಗೆ ದೊಡ್ಡ ಲಾಭ ಶುರುವಾಗುವುದು ಆರನೇ ವರ್ಷಕ್ಕೆ. ಕಂತು ಮುಗಿದಿರುತ್ತದೆ, ಕಾರು ಓಡುತ್ತಿರುತ್ತದೆ. ಕಾರಿನ ಬೆಲೆ ಜೋರಾಗಿ ಕುಸಿಯುವುದು ಮೊದಲ ಮೂರು ವರ್ಷ. ಲೀಸ್ ಮೇಲೆ ಲೀಸ್ ಮಾಡುವವರು ಆ ದುಬಾರಿ ವರ್ಷಗಳನ್ನೇ ಮತ್ತೆ ಮತ್ತೆ ಕೊಳ್ಳುತ್ತಿರುತ್ತಾರೆ. ನಿಮ್ಮದೇ ಕೊಟೇಶನ್ ಮೂರು ಸಲ ಸುತ್ತಿದರೆ ಒಂಬತ್ತು ವರ್ಷಕ್ಕೆ 232. ಕೊಂಡರೆ ಐದು ವರ್ಷದಲ್ಲಿ ಕಟ್ಟುವುದು 122. ಆಮೇಲಿನ ರಿಪೇರಿಗೆ ಧಾರಾಳವಾಗಿ 22 ಇಟ್ಟು, ಕೊನೆಗೆ ಮಾರಿದಾಗ 12 ಮಾತ್ರ ಬಂತು ಎಂದುಕೊಂಡರೂ 132. ನಡುವಿನ ಅಂತರ ಒಂದು ಹೊಸ ಕಾರು. ಲೀಸಿನವರು ಒಂಬತ್ತು ವರ್ಷವೂ ಹೊಸ ಕಾರಿನಲ್ಲೇ ಓಡಾಡಿರುತ್ತಾರೆ, ಅದೂ ನಿಜ. ಆ ಸುಖಕ್ಕೆ ಅಷ್ಟು ಬೆಲೆ ಕೊಡಬಹುದೇ ಎಂಬುದನ್ನು ನೀವೇ ಹೇಳಬೇಕು.

ರಿಪೇರಿಗೆ ಇಟ್ಟ 22 ಎಲ್ಲಿಗೆ ಹೋಗುತ್ತದೆ? ನಿಮ್ಮ ಓಟದಲ್ಲಿ ಒಂಬತ್ತು ವರ್ಷಕ್ಕೆ 1,90,000 ಕಿ.ಮೀ. ಆಗುತ್ತದೆ. ಅಷ್ಟರಲ್ಲಿ ಮೂರೋ ನಾಲ್ಕೋ ಸೆಟ್ ಟೈರು, ಎರಡು ಬ್ಯಾಟರಿ, ಶಾಕ್ ಅಬ್ಸಾರ್ಬರ್ ಮತ್ತು ಸಸ್ಪೆನ್ಷನ್ ಬುಷ್‌ಗಳು, ಮ್ಯಾನುಯಲ್ ಗೇರ್ ಆದರೆ ಒಂದು ಕ್ಲಚ್, ಬಹುಶಃ ಎ.ಸಿ. ಕಂಪ್ರೆಸರ್. ಮುಂದೂಡಬಾರದ್ದು ಒಂದೇ: ನಿಮ್ಮ ಎಂಜಿನ್‌ಗೆ ಚೈನ್ ಅಲ್ಲದೆ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ತಾಳಕ್ಕೆ ಓಡಿಸುವ ಪಟ್ಟಿ) ಇದ್ದರೆ ಕೈಪಿಡಿ ಹೇಳಿದ ಕಿ.ಮೀ.ಗೆ ಬದಲಿಸಿ, ಜೊತೆಗೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಮತ್ತು ವಾಟರ್ ಪಂಪ್ ಕೂಡ. ಬಹಳಷ್ಟು ಎಂಜಿನ್‌ಗಳಲ್ಲಿ ಓಡುತ್ತಿರುವಾಗ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬೆಲ್ಟಿನ ಖರ್ಚು ಉಳಿಸಲು ಹೋಗಿ ಎಂಜಿನ್ ಬಿಚ್ಚಿಸಬೇಕಾಗುತ್ತದೆ.

ಲೀಸಿನಲ್ಲಿ ರಿಪೇರಿ ತಲೆನೋವಿಲ್ಲ ಎಂದಿರಿ. ಅದು ಲೀಸಿನ ಗುಣವಲ್ಲ, ವಾರಂಟಿಯ ಗುಣ. ಕೊಂಡ ಕಾರಿಗೂ ಮೊದಲ ವರ್ಷಗಳಲ್ಲಿ ಅದೇ ವಾರಂಟಿ ಇರುತ್ತದೆ. ನಿರ್ವಹಣೆಯೂ ಸೇರಿದೆ ಎಂದು ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಸರ್ವಿಸ್, ಟೈರು, ಬ್ರೇಕ್ ಪ್ಯಾಡ್ ಎಲ್ಲ ನಿಮ್ಮ ಖರ್ಚೇ. ಅದರ ಮೇಲೆ ಲೀಸ್ ಕಾರಿಗೆ ಪೂರ್ಣ ವಿಮೆಯೂ ಕಡ್ಡಾಯ.

ಮುಂಗಡದ ಬಗ್ಗೆ ಒಂದು ಎಚ್ಚರಿಕೆ. ಲೀಸಿನ ಮುಂಗಡ ಠೇವಣಿಯಲ್ಲ. ಮುಂದಿನ ಕಂತುಗಳನ್ನು ಈಗಲೇ ಕಟ್ಟಿದ ಹಾಗೆ, ಅಷ್ಟೆ. ಕಾರು ಎರಡನೇ ತಿಂಗಳಲ್ಲಿ ಕಳುವಾಯಿತು ಅಥವಾ ಅಪಘಾತದಲ್ಲಿ ಪೂರ್ತಿ ನುಜ್ಜಾಯಿತು ಎಂದಿಟ್ಟುಕೊಳ್ಳಿ. ವಿಮೆ ಹಣ ಹೋಗುವುದು ಕಾರಿನ ಒಡೆಯರಾದ ಲೀಸ್ ಕಂಪನಿಗೆ. ನಿಮ್ಮ 9 ಹೋದ ಹಾಗೆಯೇ. ಅಷ್ಟೇ ಅಲ್ಲ, ವಿಮೆ ಕೊಡುವುದು ಅಂದಿನ ಮಾರುಕಟ್ಟೆ ಬೆಲೆ. ಒಪ್ಪಂದದ ಬಾಕಿ ಅದಕ್ಕಿಂತ ಹೆಚ್ಚಿದ್ದರೆ ಆ ಅಂತರವೂ ನಿಮ್ಮ ತಲೆಗೆ. ಅದನ್ನು ತುಂಬಿಕೊಡುವ ಗ್ಯಾಪ್ ವಿಮೆ ಒಪ್ಪಂದದಲ್ಲೇ ಇದೆಯೋ, ಬೇರೆ ಕೊಳ್ಳಬೇಕೋ ಕೇಳಿ. ಲೀಸ್ ಮಾಡುವವರಿಗೆ ನಮ್ಮ ಸಲಹೆ: ಕಂತು ಎಷ್ಟಾದರೂ ಆಗಲಿ, ಮುಂಗಡ ಸೊನ್ನೆಗೆ ಹತ್ತಿರವಿರಲಿ.

ಲೀಸಿನ ಪರವಾಗಿ ಹೇಳಬೇಕಾದ ಮಾತೂ ಇದೆ. ಉಳಿಕೆ ಬೆಲೆ 55 ಎಂದು ಕಂಪನಿ ಬರೆದುಕೊಟ್ಟ ಮೇಲೆ ಮಾರುಕಟ್ಟೆಯಲ್ಲಿ ಆ ಕಾರಿಗೆ 40 ಮಾತ್ರ ಸಿಕ್ಕರೆ ನಷ್ಟ ಕಂಪನಿಯದು. ಬ್ಯಾಟರಿ ಕಾರುಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಹೊಸ ಮಾದರಿಗಳ ಓಟದ ದೂರ ಹೆಚ್ಚಿ ಬೆಲೆ ಇಳಿದ ಹಾಗೆಲ್ಲ ಹಳೆಯವು ಬೇಗ ಬೆಲೆ ಕಳೆದುಕೊಳ್ಳುತ್ತವೆ. ನೀವು ಅಂಥ ಕಾರಿನ ಬಗ್ಗೆ ಕೇಳಿದ್ದರೆ, ಓಟವೂ ಕಡಿಮೆ ಇದ್ದಿದ್ದರೆ, ನಮ್ಮ ಉತ್ತರ ಬೇರೆಯಾಗುತ್ತಿತ್ತು. ಉಲ್ಟಾ ಆಗುವುದೂ ಉಂಟು. 2021ರಲ್ಲಿ ಚಿಪ್ ಕೊರತೆಯಿಂದ ಹೊಸ ಕಾರು ಸಿಗದೆ ಹಳೆಯ ಕಾರುಗಳ ಬೆಲೆ ಏರಿತು. ಆಗ ಲೀಸ್ ಪತ್ರದಲ್ಲಿ ಕೊಳ್ಳುವ ಹಕ್ಕು ಬರೆಸಿಕೊಂಡಿದ್ದ ಎಷ್ಟೋ ಜನ ಉಳಿಕೆ ಬೆಲೆಯನ್ನೇ ಕೊಟ್ಟು ಅಗ್ಗದಲ್ಲಿ ಕಾರು ಉಳಿಸಿಕೊಂಡರು. ಆದ್ದರಿಂದ ಎರಡು ಸಾಲು ಹುಡುಕಿ: ಅವಧಿ ಮುಗಿದಾಗ ಉಳಿಕೆ ಬೆಲೆಗೆ ಕೊಳ್ಳುವ ಹಕ್ಕು ನಿಮಗಿದೆಯೇ, ಮಾರುಕಟ್ಟೆ ಬೆಲೆ ಅದಕ್ಕಿಂತ ಕುಸಿದರೆ ನಷ್ಟ ಯಾರಿಗೆ? ನಷ್ಟ ಗ್ರಾಹಕರಿಗೇ ಎನ್ನುವ ಒಪ್ಪಂದಗಳೂ ಇವೆ. ಅಂಥದಕ್ಕೆ ಸಹಿ ಹಾಕಿದರೆ ಲೀಸಿನ ದೊಡ್ಡ ಅನುಕೂಲವೇ ಹೋಯಿತು.

ಕೆಲಸ ಬದಲಾಗಬಹುದು, ಊರು ಬಿಡಬೇಕಾಗಬಹುದು ಎನ್ನುವವರು ಲೀಸಿನಿಂದ ದೂರ ಇರುವುದು ಒಳ್ಳೆಯದು. ಹದಿನೆಂಟನೇ ತಿಂಗಳಿಗೆ ಕಾರು ವಾಪಸ್ ಕೊಟ್ಟರೆ ಮುಂದಿನ ಕಂತು ನಿಲ್ಲುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಒಪ್ಪಂದ ನೋಡಿದರೆ ಉಳಿದ ಕಂತುಗಳ ದೊಡ್ಡ ಪಾಲನ್ನೋ, ಕಾರಿನ ಅಂದಿನ ಬೆಲೆಗೂ ಬಾಕಿಗೂ ಇರುವ ಅಂತರವನ್ನೋ ಕಟ್ಟಬೇಕೆಂದಿರುತ್ತದೆ. ಸಾಲದ ಕಾರನ್ನು ಮಾರಿ ಬಾಕಿ ತೀರಿಸಿ ಹೊರಡಬಹುದು.

ಇಷ್ಟಾದರೂ ಲೀಸೇ ಬೇಕೆಂದರೆ, ಕಿ.ಮೀ. ಮಿತಿಯನ್ನು ಸಹಿಗೆ ಮೊದಲೇ 21,000ಕ್ಕೆ ಏರಿಸಿಕೊಳ್ಳಿ. ಮುಂಚೆ ಕೊಂಡ ಕಿ.ಮೀ. ಸಾಮಾನ್ಯವಾಗಿ ಕೊನೆಯಲ್ಲಿ ತೆರುವ ದಂಡಕ್ಕಿಂತ ಅಗ್ಗ. ಕಂತಿನ ಮೇಲೆ ಚೌಕಾಸಿ ಮಾಡಬೇಡಿ, ಕಾರಿನ ಬೆಲೆಯ ಮೇಲೆ ಮಾಡಿ. ಕಂತನ್ನು ಇಳಿಸಿದ ಹಾಗೆ ತೋರಿಸಲು ಮುಂಗಡ ಏರಿಸಿದರೆ ಸಾಕು. ಕಾರು ಕೈಗೆ ಬಂದ ದಿನ ನಾಲ್ಕೂ ಬದಿ, ರಿಮ್ಮುಗಳು, ಮುಂಗಾಜು, ಸೀಟು, ಓಡೋಮೀಟರ್ ಎಲ್ಲದರ ಫೋಟೋ ತೆಗೆದಿಡಿ. ವಾಪಸ್ ಕೊಡುವ ಎರಡು ಮೂರು ತಿಂಗಳು ಮೊದಲು ಕಾರು ತೊಳೆಸಿ, ಹಗಲು ಬೆಳಕಿನಲ್ಲಿ ಓರೆಯಾಗಿ ನೋಡುತ್ತ ಸುತ್ತು ಬನ್ನಿ. ನೇರ ನೋಡಿದರೆ ಕಾಣದ ಬಾಗಿಲ ತಗ್ಗುಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಬಣ್ಣ ಏಳದ ತಗ್ಗನ್ನು ಒಳಗಿನಿಂದ ಒತ್ತಿ ಸರಿಮಾಡುವವರಿದ್ದಾರೆ. ಕಂಪನಿಯ ಬಿಲ್ಲಿಗೆ ಬಿಡುವುದಕ್ಕಿಂತ ಅದು ಸಾಮಾನ್ಯವಾಗಿ ಅಗ್ಗ. ಟೈರಿನ ಗೀರುಗಳ ತಳದಲ್ಲಿ ಅಡ್ಡಕ್ಕೆ 1.6 ಮಿ.ಮೀ. ಎತ್ತರದ ಉಬ್ಬು ಪಟ್ಟಿ ಇರುತ್ತದೆ. ಮೇಲ್ಮೈ ಸವೆದು ಅದಕ್ಕೆ ಹತ್ತಿರ ಬಂದಿದ್ದರೆ ಹೊಸ ಟೈರಿನ ಬಿಲ್ ಖಚಿತ. ಎರಡನೇ ಕೀಲಿ, ಸರ್ವಿಸ್ ದಾಖಲೆ ಎರಡನ್ನೂ ಹುಡುಕಿಡಿ. ಕಳೆದ ಕೀಲಿಗೆ ಹಾಕುವ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಸಾಲದ ಕಡೆಗೂ ಎರಡು ಗುಂಡಿಗಳಿವೆ. ಶೇ 9 ಎಂದದ್ದು ಇಳಿಯುವ ಬಾಕಿಯ ಮೇಲೋ, ಫ್ಲಾಟ್ ದರವೋ ಕೇಳಿ. ಫ್ಲಾಟ್ ಎಂದರೆ ಅಸಲು ತೀರುತ್ತ ಬಂದರೂ ಬಡ್ಡಿ ಮೊದಲ ದಿನದ ಮೊತ್ತದ ಮೇಲೆಯೇ. ಐದು ವರ್ಷದ ಸಾಲದಲ್ಲಿ ಫ್ಲಾಟ್ ಶೇ 6 ಎಂಬುದು ನಿಜವಾಗಿ ಶೇ 11ರ ಹತ್ತಿರ. ನಿಮ್ಮ ಕಂತು 1.89 ಇಳಿಯುವ ಬಾಕಿಗೆ ಸರಿಹೊಂದುತ್ತದೆ, ಆದರೂ ಬರೆಸಿಕೊಳ್ಳಿ. ಇನ್ನೊಂದು, ಕಂತು ಭಾರವೆಂದು ನೀವು ಮುಖ ಸಣ್ಣ ಮಾಡಿದ ಕೂಡಲೇ ಏಳು ವರ್ಷದ ಸಾಲ ಮುಂದೆ ಬರುತ್ತದೆ. ಕಂತು 1.46ಕ್ಕೆ ಇಳಿಯುತ್ತದೆ, ಲೀಸಿಗಿಂತಲೂ ಕಡಿಮೆ. ಮೂರು ವರ್ಷದ ಕೊನೆಗೆ ಬಾಕಿ ಮಾತ್ರ 59, ಕಾರಿನ ಬೆಲೆ 52. ಆಗ ಮಾರಬೇಕಾಗಿ ಬಂದರೆ ಕಾರೂ ಕೊಟ್ಟು ಕೈಯಿಂದ 7 ಸೇರಿಸಬೇಕು.

60 ಕಂತಿನ ಸಾಲವೇ ಭಾರ ಎನಿಸಿದರೆ ಏಳು ವರ್ಷಕ್ಕೂ ಹೋಗಬೇಡಿ, ಲೀಸಿಗೂ ಹೋಗಬೇಡಿ. ಯಾರೋ ಮೂರು ವರ್ಷ ಲೀಸಿನಲ್ಲಿ ಓಡಿಸಿ ವಾಪಸ್ ಕೊಟ್ಟ ಇದೇ ಮಾದರಿಯ ಕಾರು ಸಿಗುತ್ತದೆಯೇ ವಿಚಾರಿಸಿ. ಮಿತಿಯೊಳಗೆ ಓಡಿದ, ಸರ್ವಿಸ್ ದಾಖಲೆ ಇರುವ, 55ರ ಆಸುಪಾಸಿನ ಕಾರನ್ನು ಕೊಂಡರೆ ದೊಡ್ಡ ಸವಕಳಿಯನ್ನು ಇನ್ನೊಬ್ಬರು ಆಗಲೇ ಕಟ್ಟಿ ಮುಗಿಸಿರುತ್ತಾರೆ. ಕೊಳ್ಳುವ ಮೊದಲು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ, ವಾರಂಟಿ ಇನ್ನೆಷ್ಟು ತಿಂಗಳಿದೆ, ಅದು ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಕಾಗದದ ಮೇಲೆ ಪಡೆಯಿರಿ.