ಹಬ್ಬದ ದಿನ ನನ್ನ ಆರಾಧನೆ ಎಲ್ಲಿದೆ, ಅಕ್ಕಾ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರಿಸ್‌ಮಸ್ ಬಗ್ಗೆಯೇ ಇವೆ. ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದೇ ಮಾತನ್ನು ಬೇರೆ ಬೇರೆ ಊರಿನ ಹೆಣ್ಣುಮಕ್ಕಳು ಬರೆದಿದ್ದಾರೆ.

ಪ್ರಶ್ನೆ: ಅಕ್ಕಾ, ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಅಂಗನವಾಡಿ ಕಾರ್ಯಕರ್ತೆ. ಮನೆಯಲ್ಲಿ ಅತ್ತೆ, ಮಾವ, ಯಜಮಾನರು, ಇಬ್ಬರು ಗಂಡುಮಕ್ಕಳು. ಡಿಸೆಂಬರ್ ಬಂತೆಂದರೆ ಮನೆ ಸಾರಿಸಿ ತೊಳೆಯುವುದು, ಬಟ್ಟೆ ತರುವುದು, ಕರ್ಚಿಕಾಯಿ, ಶಂಕರಪೋಳಿ, ಚಕ್ಕುಲಿ ಮಾಡುವುದು, ಎಲ್ಲ ನನ್ನ ಮೇಲೆ. 25ರ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಅರ್ಧ ಅಡುಗೆ ಮುಗಿಸಿ ಚರ್ಚಿಗೆ ಓಡುತ್ತೇನೆ. ಅಯ್ಯನವರು ಪ್ರಸಂಗ ಮಾಡುವಾಗ ನನ್ನ ತಲೆಯಲ್ಲಿ ಒಲೆ ಇರುತ್ತದೆ. ಸಂಜೆ ನೆಂಟರೆಲ್ಲ ಹೋದ ಮೇಲೆ ಪಾತ್ರೆ ತಿಕ್ಕುತ್ತಾ ಅಳು ಬರುತ್ತದೆ. ಎಲ್ಲರೂ ಸಂತೋಷದ ಹಬ್ಬ ಅಂತಾರೆ. ನನಗೆ ಸಂತೋಷವೂ ಇಲ್ಲ, ಆರಾಧನೆಯೂ ಇಲ್ಲ. ನನ್ನ ಭಕ್ತಿಯಲ್ಲೇ ಕೊರತೆ ಇದೆಯಾ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಇಲ್ಲ ತಂಗಿ. ನಿನ್ನ ಭಕ್ತಿಯಲ್ಲಿ ಕೊರತೆ ಇಲ್ಲ. ನಿನ್ನ ಮನೆಯಲ್ಲಿ ಕೈಗಳ ಕೊರತೆ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಪ್ರಶ್ನೆಗೆ "ಇನ್ನೂ ಹೆಚ್ಚು ಪ್ರಾರ್ಥನೆ ಮಾಡು" ಎಂದು ಹೇಳಿ ಕಳಿಸಿಬಿಡುವವರು ಬಹಳ ಜನ ಇದ್ದಾರೆ. ದಣಿದ ಹೆಣ್ಣುಮಗಳ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ ಅದು.

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ನಿನಗೆ ಬಾಯಿಪಾಠವೇ ಇರಬೇಕು. ಆದರೂ ಈ ಸಲ ಒಂದು ವಿಷಯ ನೋಡು. ದೇವದೂತ ಶುಭವಾರ್ತೆ ತಂದಾಗ ಆ ಕುರುಬರು ಎಲ್ಲಿದ್ದರು? ದೇವಾಲಯದಲ್ಲಿ ಇರಲಿಲ್ಲ. ರಾತ್ರಿಪಾಳಿಯಲ್ಲಿ, ಹೊಲದಲ್ಲಿ ಇದ್ದರು. ನಮ್ಮ ಗದಗ, ಹಾವೇರಿ, ಕೊಪ್ಪಳದ ಕಡೆ ಖಾಲಿ ಹೊಲದಲ್ಲಿ ಕುರಿ ತರುಬುವವರನ್ನು ನೀನು ನೋಡಿದ್ದೀಯಲ್ಲ. ಕಂಬಳಿ ಹೊದ್ದು, ನಾಯಿ ಕಟ್ಟಿಕೊಂಡು, ತೋಳ ಬಂತಾ ಕಳ್ಳ ಬಂದನಾ ಎಂದು ರಾತ್ರಿಯೆಲ್ಲ ಅರೆನಿದ್ದೆ. ಅಂಥವರ ಬಳಿಗೆ ಮೊದಲ ಸುದ್ದಿ ಬಂತು. ಕೆಲಸ ಮುಗಿಸಿ, ಸ್ನಾನ ಮಾಡಿ, ಶುಭ್ರವಾಗಿ ಕೂತ ಮೇಲೆ ಬರುತ್ತೇನೆ ಎಂದು ದೇವರು ಕಾಯಲಿಲ್ಲ.

ಅದಕ್ಕಿಂತ ನನಗೆ ಇಷ್ಟವಾದದ್ದು 20ನೆಯ ವಚನ. ಕುರುಬರು ಕೂಸನ್ನು ನೋಡಿದರು, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು ಎಂದಿದೆ. ಎಲ್ಲಿಗೆ ಹಿಂದಿರುಗಿದರು? ಅದೇ ಕುರಿ, ಅದೇ ಹೊಲ, ಅದೇ ಚಳಿ. ಮಾರನೆಯ ದಿನ ಕುರಿಗಳು ಹಸಿವೆಯಿಂದ ಅರಚಿಯೇ ಅರಚಿರುತ್ತವೆ. ಅವರ ಕೆಲಸ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ಅವರ ಬಾಯಲ್ಲಿ ಸ್ತೋತ್ರ ಇತ್ತು. ಆರಾಧನೆ ಅಂದರೆ ಕೆಲಸ ಬಿಟ್ಟು ಹೋಗಿ ಮಾಡುವಂಥದ್ದು ಎಂದು ನಾವು ಅಂದುಕೊಂಡಿದ್ದೇವೆ. ಈ ಕಥೆಯಲ್ಲಿ ಆರಾಧನೆ ಅವರ ಜೊತೆ ಕೆಲಸಕ್ಕೇ ಹೋಯಿತು.

ಈಗ ಕರ್ಚಿಕಾಯಿಗೆ ಬರೋಣ. ಒಬ್ಬಳೇ ಕೂತು ಕರ್ಚಿಕಾಯಿ ಮಾಡುವುದು ಶಿಕ್ಷೆ. ಹಿಟ್ಟು ಕಲಸಬೇಕು, ಒಣಗದಂತೆ ಒದ್ದೆ ಬಟ್ಟೆ ಮುಚ್ಚಬೇಕು, ಲಟ್ಟಿಸಬೇಕು, ಕೊಬ್ಬರಿ, ಪುಠಾಣಿ, ಗಸಗಸೆ, ಏಲಕ್ಕಿಯ ಹೂರಣ ತುಂಬಬೇಕು. ಅಂಚಿಗೆ ನೀರು ಹಚ್ಚಿ ಬಿಗಿಯಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಟ್ಟು ಸಕ್ಕರೆಯೆಲ್ಲ ಸುಟ್ಟು ಕರ್ರಗಾಗುತ್ತದೆ. ಅದೇ ಕೆಲಸಕ್ಕೆ ನಾಲ್ಕು ಜನ ಕೂತರೆ ಅದರ ರೂಪವೇ ಬೇರೆ. ನಮ್ಮ ತವರಿನಲ್ಲಿ ಅಪ್ಪ ಲಟ್ಟಿಸುತ್ತಿದ್ದರು. ಗಂಡಸರು ಲಟ್ಟಣಿಗೆ ಹಿಡಿಯುವುದನ್ನು ನೋಡಿ ಓಣಿಯವರು ಏನಾದರೂ ಅಂದರೆ ಅವರು ತಲೆಯನ್ನೂ ಎತ್ತುತ್ತಿರಲಿಲ್ಲ. ಅವ್ವ ಎಣ್ಣೆಯ ಮುಂದೆ. ನಾವು ಮಕ್ಕಳು ಹೂರಣ ತುಂಬಿ, ನಿರಿಗೆ ಚಮಚ ಉರುಳಿಸಿ ಅಂಚು ಕತ್ತರಿಸುತ್ತಿದ್ದೆವು. ಅಪ್ಪ ಒಂದು ಕೀರ್ತನೆ ಎತ್ತಿಕೊಂಡರೆ ಬುಟ್ಟಿ ತುಂಬುವವರೆಗೂ ಹಾಡು. ಪಲ್ಲವಿಗೆ ಅಜ್ಜಿ ಹೊರಗಿನ ಕಟ್ಟೆಯಿಂದಲೇ ದನಿ ಕೂಡಿಸುತ್ತಿದ್ದರು. ನಾನು ದೇವರನ್ನು ಸ್ತುತಿಸಲು ಕಲಿತದ್ದು ಚರ್ಚಿನ ಬೆಂಚಿನ ಮೇಲೆ ಎಷ್ಟೋ, ಆ ಎಣ್ಣೆ ವಾಸನೆಯ ನಡುಮನೆಯಲ್ಲೂ ಅಷ್ಟೇ.

ಆದ್ದರಿಂದ ಹೀಗೆ ಮಾಡು. ಈ ವರ್ಷ ತಿಂಡಿ ಎರಡು ಬಗೆ ಸಾಕು. ಅತ್ತೆಗೆ ಬೇಜಾರಾದರೆ ಮೂರನೆಯದನ್ನು ಅವರ ಕೈಯಿಂದಲೇ ಹೇಳಿಸಿಕೊಂಡು ಮಾಡು. ಬಹಳ ಸಲ ಹಿರಿಯರಿಗೆ ಬೇಕಾಗಿರುವುದು ತಿಂಡಿಗಿಂತ ತಮ್ಮನ್ನು ಕೇಳಬೇಕು ಅನ್ನುವುದು. ಗಂಡುಮಕ್ಕಳನ್ನು ಹೂರಣಕ್ಕೆ ಕೂರಿಸು. ಯಜಮಾನರಿಗೆ ಲಟ್ಟಣಿಗೆ ಕೊಡು, ಸಂಕೋಚ ಬೇಡ. ಒಬ್ಬ ಮಗ ಲೂಕನ ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ಮೊದಲ 20 ವಚನ ಓದಲು ಎಷ್ಟು ಹೊತ್ತು ಬೇಕು? ಅದೇ ನಿಮ್ಮ ಮನೆಯ ಆರಾಧನೆ. ನೀನು ಎಣ್ಣೆಯ ಮುಂದೆಯೇ ಇರು, ಪರವಾಗಿಲ್ಲ. ಕಿವಿ ಇರುತ್ತದಲ್ಲ.

25ರ ಬೆಳಿಗ್ಗೆ ಮಾತ್ರ ಒಲೆ ಹಚ್ಚಬೇಡ. ಮಾಂಸ ಹಿಂದಿನ ರಾತ್ರಿಯೇ ಮಸಾಲೆ ಹಚ್ಚಿಡಬಹುದು. ಚರ್ಚಿನಿಂದ ಬಂದು ಅಡುಗೆಗೆ ಇಟ್ಟರೆ ಊಟ ಎರಡೂವರೆಗೆ ಆಗುತ್ತದೆ, ಆಗಲಿ. ನೆಂಟರಿಗೆ ಅಲ್ಲಿಯವರೆಗೆ ಚಹಾ, ಚಕ್ಕುಲಿ ಇದೆ. ಆ ಒಂದು ಬೆಳಗು ನಿನ್ನದು. ಆರಾಧನೆಯಲ್ಲಿ ಸುಮ್ನೆ ಕೂತು ಹಾಡು. ಏನೂ ಅನ್ನಿಸದಿದ್ದರೂ ಹಾಡು. ದೂತ ಹೇಳಿದ್ದು "ಈ ಹೊತ್ತು ನಿಮಗೋಸ್ಕರ ರಕ್ಷಕನು ಹುಟ್ಟಿದ್ದಾನೆ" ಅನ್ನುವ ಸುದ್ದಿಯನ್ನು. ನಿನ್ನ ಮನಸ್ಸು ಆ ದಿನ ಹೇಗಿದೆ ಅನ್ನುವುದರಿಂದ ಆ ಸುದ್ದಿ ಸುಳ್ಳಾಗುವುದಿಲ್ಲ. ಸಂತೋಷ ಒಮ್ಮೊಮ್ಮೆ ನಿಧಾನಕ್ಕೆ ಬರುತ್ತದೆ, ತಂಗಿ. ಜನವರಿಯಲ್ಲಿ ಅಂಗನವಾಡಿಯ ಮಗುವಿಗೆ ಉಂಡೆ ಕೊಡುವಾಗ ಬರಬಹುದು. ಬಂದಾಗ ಅದನ್ನು ಕ್ರಿಸ್‌ಮಸ್ ಎಂದೇ ಗುರುತಿಸು.

ಪ್ರಶ್ನೆ: ನಾನು ಕುವೈತಿನಲ್ಲಿ ಸ್ಟಾಫ್ ನರ್ಸ್. ಊರು ಧಾರವಾಡ. ಈ ಸಲ 24ರ ರಾತ್ರಿ ನನಗೆ ನೈಟ್ ಡ್ಯೂಟಿ. ಮನೆಯವರೆಲ್ಲ ಆರಾಧನೆಯಲ್ಲಿ ಇರುವಾಗ ನಾನು ಐಸಿಯುನಲ್ಲಿ. ಇಲ್ಲಿ ಸಭೆ ಕೂಡುವುದೂ ಹೆಚ್ಚಾಗಿ ಶುಕ್ರವಾರ. ಕ್ರಿಸ್‌ಮಸ್ ತಪ್ಪಿಹೋಯಿತು ಅನ್ನುವ ದುಃಖ.

ಉತ್ತರ: ಕೂಸೇ, ನಾನೂ ನಿನ್ನದೇ ಕೆಲಸದವಳು. ಗದಗ-ಬೆಟಗೇರಿ ಕಡೆಯ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ನೋಡಿಕೊಂಡು ನಿವೃತ್ತಳಾದವಳು. 24ರ ರಾತ್ರಿ ನಾವು ನರ್ಸುಗಳು ಮೇಣದಬತ್ತಿ ಹಿಡಿದು ವಾರ್ಡಿನಿಂದ ವಾರ್ಡಿಗೆ ಹಾಡುತ್ತಾ ಹೋಗುತ್ತಿದ್ದೆವು. ಮೇಣ ಕೈ ಮೇಲೆ ತೊಟ್ಟಿಕ್ಕದಂತೆ ಔಷಧಿ ಡಬ್ಬಿಯ ರಟ್ಟನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಬತ್ತಿಗೆ ಸಿಕ್ಕಿಸುತ್ತಿದ್ದೆವು. ಒಂದು ವರ್ಷ ಸೊಸೆಯ ಬಾಣಂತನಕ್ಕೆ ಬಂದಿದ್ದ ಹಳ್ಳಿಯ ಅಜ್ಜಿಯೊಬ್ಬರು, ಹಣೆ ತುಂಬ ವಿಭೂತಿ, ನಮ್ಮನ್ನು ನಿಲ್ಲಿಸಿದರು. "ಇನ್ನೊಂದ್ ಸಲ ಹಾಡ್ರಿ ಸಿಸ್ಟರ, ಕೂಸು ಸುಮ್ನಾತು" ಅಂದರು. ನಾವು ಆ ಕೂಸಿಗಾಗಿ ಮತ್ತೆ ಹಾಡಿದೆವು. ನಾನು ಕಂಡ ದೊಡ್ಡ ದೊಡ್ಡ ಕ್ರಿಸ್‌ಮಸ್ ಆರಾಧನೆಗಳಲ್ಲಿ ಯಾವುದನ್ನೂ ಅದಕ್ಕಿಂತ ಮೇಲೆ ಇಡಲಾರೆ.

ಐಸಿಯುನಲ್ಲಿ ಮೇಣದಬತ್ತಿ ಹಚ್ಚುವ ಹಾಗಿಲ್ಲ. ಆಕ್ಸಿಜನ್ ಇರುತ್ತದೆ, ನಿನಗೇ ಗೊತ್ತು. ಹಾಡನ್ನು ಬಾಯೊಳಗೇ ಗುನುಗು. ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ ಪೌಲನೂ ಸೀಲನೂ ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡುತ್ತಾರೆ. ಕಾಲು ಕೋಳದಲ್ಲಿ, ಮೈಮೇಲೆ ಏಟು. ಉಳಿದ ಕೈದಿಗಳು ಕೇಳುತ್ತಿದ್ದರು ಎಂದು ಬರೆದಿದೆ. ನಿನ್ನ ರೋಗಿಗಳಲ್ಲೂ ಎಚ್ಚರ ಇರುವವರು ಇರುತ್ತಾರೆ. ಒಬ್ಬರ ಮಗ್ಗುಲು ಬದಲಿಸುವಾಗ, ತುಟಿ ಒರೆಸುವಾಗ, "ಕರ್ತನೇ, ಇದು ನಿನಗೆ" ಎಂದು ಮನಸ್ಸಿನಲ್ಲಿ ಹೇಳು. ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು ರೂಮಿಗೆ ಹೋದ ಮೇಲೆ ಮನೆಗೆ ವಿಡಿಯೋ ಕಾಲ್ ಮಾಡಿ, ಅವ್ವನ ಕೈಯಲ್ಲಿ ಪ್ರಾರ್ಥನೆ ಮಾಡಿಸಿಕೊಂಡು ಮಲಗು. ಮುಂದಿನ ಶುಕ್ರವಾರ ಸಭೆಯಲ್ಲಿ ಹಾಡಿದ್ದೂ ಕ್ರಿಸ್‌ಮಸ್ಸೇ. ಹಳೆಯ ಸಭೆಗಳ ಪದ್ಧತಿಯಲ್ಲಿ ಈ ಹಬ್ಬ ಜನವರಿ 5ರವರೆಗೆ 12 ದಿನ ನಡೆಯುತ್ತದೆ. ಏನೂ ತಪ್ಪಿಲ್ಲ ನಿನಗೆ.

ಪ್ರಶ್ನೆ: ಆಗಸ್ಟ್‌ನಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಕ್ಕಳು ಈ ವರ್ಷ ನಕ್ಷತ್ರ ಕಟ್ಟುವುದು ಬೇಡ, ಕ್ಯಾರಲ್ ಹಾಡುವವರನ್ನೂ ಬರಬೇಡಿ ಅನ್ನೋಣ ಅಂತಾರೆ. ನನಗೂ ಚರ್ಚಿನಲ್ಲಿ ನಗುಮುಖ ಹಾಕಿಕೊಂಡು ಕೂರುವುದು ಸುಳ್ಳು ಅನ್ನಿಸುತ್ತದೆ. ಏನು ಮಾಡಲಿ?
(ಒಬ್ಬ ನಿವೃತ್ತ ಶಿಕ್ಷಕರು, ಬಳ್ಳಾರಿ)

ಉತ್ತರ: ಅಣ್ಣಾವ್ರೇ, ನಗುಮುಖ ಹಾಕಿಕೊಳ್ಳಬೇಡಿ. ಯಾರೂ ಅದನ್ನು ನಿಮ್ಮಿಂದ ಕೇಳಬಾರದು. ಕ್ರಿಸ್‌ಮಸ್ ಕಥೆಯೊಳಗೇ ಅಳು ಇದೆ. ಹೆರೋದನು ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ, ತಾಯಂದಿರು ಸಮಾಧಾನ ಬೇಡವೆಂದು ಅತ್ತರು ಎಂದು ಮತ್ತಾಯನು ಬರೆದಿದ್ದಾನೆ. ಆ ಕೂಸುಗಳ ನೆನಪಿನ ದಿನವನ್ನು ಸಭೆ ಇಟ್ಟಿರುವುದು ಡಿಸೆಂಬರ್ 28ಕ್ಕೆ, ಹಬ್ಬದ ನಾಲ್ಕನೆಯ ದಿನ. ನಮ್ಮ ಹಿರಿಯರು ಅಳುವನ್ನು ಹಬ್ಬದಿಂದ ಹೊರಗಿಡಲಿಲ್ಲ.

ಲೂಕನು ಹೇಳುವ ಅನ್ನಳನ್ನೂ ನೆನೆಯಿರಿ. ಮದುವೆಯಾಗಿ ಏಳೇ ವರ್ಷಕ್ಕೆ ಗಂಡ ಹೋದ. ಮುದುಕಿಯಾಗುವವರೆಗೂ ವಿಧವೆಯಾಗಿಯೇ ದೇವಾಲಯದಲ್ಲಿ ಇದ್ದಳು. ಯೋಸೇಫ ಮರಿಯಳು ಕೂಸನ್ನು ತಂದಾಗ ಗುರುತು ಹಿಡಿದವರು ಇಬ್ಬರು. ಒಬ್ಬ ಸಿಮೆಯೋನ, ಇನ್ನೊಬ್ಬಳು ಈ ಅಜ್ಜಿ.

ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನು ನಕ್ಷತ್ರ ಕಟ್ಟಿಸಿದೆ. ಕಟ್ಟಿದ್ದು ನನಗಾಗಿ ಅಲ್ಲ, ಆ ಓಣಿಯಲ್ಲಿ ಕತ್ತಲಲ್ಲಿ ನಡೆದು ಬರುವವರಿಗೆ ಅಂದುಕೊಂಡು ಕಟ್ಟಿಸಿದೆ. ಕ್ಯಾರಲ್ ತಂಡದವರಿಗೆ ಡೋಲು, ಜಿಂಗಲ್ ಏನೂ ಬೇಡ, ಯಜಮಾನರಿಗೆ ಇಷ್ಟವಾಗಿದ್ದ ಒಂದೇ ಕೀರ್ತನೆ ಹಾಡಿ ಪ್ರಾರ್ಥನೆ ಮಾಡಿ ಹೋಗಿ ಅಂದೆ. ಹುಡುಗರು ಚಪ್ಪಲಿ ಬಿಟ್ಟು ಒಳಗೆ ಬಂದು ಫೋಟೋದ ಮುಂದೆ ನಿಂತು ಹಾಡಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಂದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನೀವೂ ಮಕ್ಕಳಿಗೆ ಇಷ್ಟು ಹೇಳಿ: ತಿಂಡಿ ಬೇಡ, ಹೊಸ ಬಟ್ಟೆ ಬೇಡ, ಆದರೆ ಹಾಡು ಇರಲಿ. ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ನಿಮಗೆ ದನಿ ಬರದಿದ್ದರೆ ಪಕ್ಕದವರು ನಿಮ್ಮ ಪಾಲಿಗೂ ಹಾಡುತ್ತಾರೆ. ಸಭೆ ಅಂತ ಇರುವುದೇ ಅದಕ್ಕೆ ಅಲ್ವಾ?

ಪ್ರಶ್ನೆ: ನಮ್ಮ ಯುವಜನ ಸಂಘದಲ್ಲಿ ಜಗಳ. ಕ್ಯಾರಲ್ ರೌಂಡ್ಸ್‌ಗೆ ಇಂಗ್ಲಿಷ್ ಹಾಡು, ದೊಡ್ಡ ಸ್ಪೀಕರ್ ಬೇಕು ಅಂತ ನಾವು. ಕನ್ನಡ ಕೀರ್ತನೆ ಮಾತ್ರ ಅಂತ ಹಿರಿಯರು. ನೀವು ಯಾರ ಕಡೆ?

ಉತ್ತರ: ಬಾಗಿಲು ತೆರೆಯುವವರ ಕಡೆ! ನೀವು ಹೋಗುವ ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಯಾವ ಹಾಡು ಬರುತ್ತದೆ, ನೋಡಿ. ಅಜ್ಜಿ ಇರುವ ಮನೆಯಲ್ಲಿ ಕನ್ನಡ ಕೀರ್ತನೆ ಹಾಡಿದರೆ ಅವರೂ ತಾಳ ಹಾಕಿ ಹಾಡುತ್ತಾರೆ. ಆಗ ಅದು ಆರಾಧನೆ. ಇಂಗ್ಲಿಷ್ ಹಾಡಿಗೆ ಅವರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ, ಅದು ಕಾರ್ಯಕ್ರಮ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1853ರಲ್ಲಿ ಬಂದ ಕಿಟೆಲ್ ಅವರನ್ನು ನಾವೆಲ್ಲ 1894ರ ನಿಘಂಟಿಗಾಗಿ ನೆನೆಯುತ್ತೇವೆ. ಆದರೆ ಅದಕ್ಕೂ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಪದ್ಯವಾಗಿ ಬರೆದರು. ಜರ್ಮನಿಯಲ್ಲಿ ಹುಟ್ಟಿದ ಮನುಷ್ಯ ನಮ್ಮ ಹಳ್ಳಿಯವರ ಕಿವಿಗೆ ಹತ್ತುವ ಧಾಟಿ ಹುಡುಕಿದ. ನಿಮ್ಮ ಗಿಟಾರ್ ತನ್ನಿ, ಕೀಬೋರ್ಡ್ ತನ್ನಿ, ಹಳೆಯ ಕೀರ್ತನೆಗೆ ಹೊಸ ತಾಳ ಕೂಡಿಸಿ. ಒಂದೆರಡು ಇಂಗ್ಲಿಷ್ ಹಾಡೂ ಇರಲಿ. ದೊಡ್ಡ ಸ್ಪೀಕರ್ ಮಾತ್ರ ಬೇಡ. ಅಕ್ಕಪಕ್ಕದಲ್ಲಿ ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು ಇರುತ್ತಾರೆ.

ಪ್ರಶ್ನೆ: ಯೇಸು ಹುಟ್ಟಿದ್ದು ಡಿಸೆಂಬರ್ 25 ಅಲ್ಲವೇ ಅಲ್ಲ ಎಂದು ಗೆಳೆಯರು ಹೇಳುತ್ತಾರೆ. ಹೌದಾ?
(ಪಿಯುಸಿ ವಿದ್ಯಾರ್ಥಿ)

ಉತ್ತರ: ಬೈಬಲ್ಲಿನಲ್ಲಿ ತಾರೀಖು ಇಲ್ಲ. ರೋಮಿನ ಸಭೆ 336ರ ಹೊತ್ತಿಗೆ ಡಿಸೆಂಬರ್ 25ರಂದು ಆಚರಿಸುತ್ತಿತ್ತು ಎಂಬುದಕ್ಕೆ ಹಳೆಯ ದಾಖಲೆ ಇದೆ. ಅರ್ಮೇನಿಯದ ಸಭೆಯವರು ಈಗಲೂ ಜನವರಿ 6ರಂದು, ರಷ್ಯದವರು ಜನವರಿ 7ರಂದು ಆಚರಿಸುತ್ತಾರೆ. ನಾವು ಸ್ತುತಿಸುವುದು ಹುಟ್ಟಿದವನನ್ನು. ಗೆಳೆಯರಿಗೆ ಇದನ್ನು ಜಗಳ ಮಾಡದೆ ಹೇಳು, ಮನೆಗೆ ಕರೆದು ಕೇಕ್ ಕೊಡು.

ಪ್ರಶ್ನೆ: ನಾವು ಲಿಂಗಾಯತರು. ಪಕ್ಕದ ಮನೆಯ ಕ್ರೈಸ್ತ ಕುಟುಂಬ 25ರಂದು ಚರ್ಚಿಗೂ ಊಟಕ್ಕೂ ಕರೆದಿದ್ದಾರೆ. ಒಳಗೆ ಬರಬಹುದೇ? ಹೇಗೆ ನಡೆದುಕೊಳ್ಳಬೇಕು?

ಉತ್ತರ: ಖಂಡಿತ ಬನ್ನಿ, ನಮಗೆ ಬಹಳ ಸಂತೋಷ. ಎಲ್ಲಿ ಬೇಕಾದರೂ ಕೂರಬಹುದು. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ, ಅಷ್ಟೇ. ಚಪ್ಪಲಿ ಕೆಲವು ಕಡೆ ಹೊರಗೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಮುಂದಿನವರನ್ನು ನೋಡಿ ಮಾಡಿ. ಕೊನೆಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಸಂಸ್ಕಾರ ಇದ್ದರೆ ಅದು ಸಭೆಯಲ್ಲಿ ಸೇರಿದವರಿಗೆ ಮಾತ್ರ. ನೀವು ಕೂತಲ್ಲೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಾಡಿನ ಪುಸ್ತಕ ಕೈಗೆ ಕೊಟ್ಟರೆ ಧಾರಾಳವಾಗಿ ಹಾಡಿ. ಊಟಕ್ಕೆ ನೀವು ಸಸ್ಯಾಹಾರಿಗಳು ಎಂದು ಅವರಿಗೆ ಗೊತ್ತೇ ಇರುತ್ತದೆ. ಆದರೂ ಹಿಂದಿನ ದಿನ ಒಂದು ಮಾತು ನೆನಪಿಸಿ, ಬೇರೆ ಪಾತ್ರೆಯಲ್ಲಿ ಮಾಡುತ್ತಾರೆ. ಕೈಯಲ್ಲಿ ಹಣ್ಣೋ ಹೂವೋ ಇದ್ದರೆ ಸಾಕು. ಬರುವಾಗ ನಿಮ್ಮ ಡಬ್ಬಿ ತುಂಬ ಕರ್ಚಿಕಾಯಿ ಕೊಡುತ್ತಾರೆ, ಬೇಡ ಅನ್ನಬೇಡಿ.